ಕಾಲೇಜು ತಂಡ ಡಿವಿಷನ್ 1ಕ್ಕೆ ಹೋದರೆ ಒಳ್ಳೆಯದಾ? ಓದುಗರ ಪ್ರಶ್ನೆಗೆ ಉತ್ತರ

ಪ್ರಶ್ನೆ: ಅಮೆರಿಕದಲ್ಲಿ ಮಗಳು ಓದುತ್ತಿರುವ ಕಾಲೇಜು ಕ್ರೀಡೆಯಲ್ಲಿ ಡಿವಿಷನ್ 2ರಲ್ಲಿದೆ. ಈಗ ಡಿವಿಷನ್ 1ಕ್ಕೆ ಹೋಗುವ ಮಾತು ನಡೀತಿದೆಯಂತೆ. ಹೆಸರು ಬರುತ್ತೆ, ಸೀಟಿಗೆ ಬೇಡಿಕೆ ಹೆಚ್ಚುತ್ತೆ ಅಂತ ಕೆಲವರು ಹೇಳ್ತಾರೆ. ಫೀಸ್ ಏರುತ್ತೆ ಅಂತ ಇನ್ನು ಕೆಲವರು. ಹೋಗೋದು ಸರೀನಾ?

ಉತ್ತರ: ಅಲ್ಲಿ ಮಕ್ಕಳನ್ನು ಓದಿಸುತ್ತಿರುವ ಕನ್ನಡಿಗರು ಈ ಪ್ರಶ್ನೆಯನ್ನು ಮತ್ತೆ ಮತ್ತೆ ಕೇಳುತ್ತಾರೆ. ಸುತ್ತಿ ಬಳಸದೆ ಹೇಳಿಬಿಡುತ್ತೇನೆ. ಬಹಳಷ್ಟು ಸಣ್ಣ ಕಾಲೇಜುಗಳಿಗೆ ಇದು ಬೇಡ. ಕೆಲವಕ್ಕೆ ಒಳ್ಳೆಯದೇ ಆಗಿದೆ. ತಂಡ ಎಷ್ಟು ಚೆನ್ನಾಗಿ ಆಡುತ್ತದೆ ಅಂತ ನೋಡಿ ಇದನ್ನು ತೀರ್ಮಾನಿಸಲು ಆಗುವುದಿಲ್ಲ. ಖರ್ಚು ಯಾರ ತಲೆಗೆ ಬರುತ್ತದೆ ಅಂತ ನೋಡಬೇಕು.

ಮೊದಲು ಈ ಡಿವಿಷನ್ ಅಂದರೆ ಏನು ಅಂತ ತಿಳಿಯೋಣ. ನಮ್ಮ ರಣಜಿ ಟ್ರೋಫಿಯಲ್ಲಿ ಪ್ಲೇಟ್ ಗುಂಪಿನಲ್ಲಿ ಗೆದ್ದ ತಂಡ ಎಲೀಟ್ ಗುಂಪಿಗೆ ಏರುತ್ತದೆ. ಅಮೆರಿಕದ ಕಾಲೇಜು ಕ್ರೀಡೆಯಲ್ಲಿ ಹಾಗಿಲ್ಲ. ಎಷ್ಟು ಕಪ್ ಗೆದ್ದರೂ ತಂಡ ತಾನಾಗಿ ಮೇಲೆ ಹೋಗುವುದಿಲ್ಲ, ಎಷ್ಟು ಸೋತರೂ ಕೆಳಗೆ ಬೀಳುವುದಿಲ್ಲ. ಮೇಲೆ ಹೋಗುವುದು ಕಾಲೇಜಿನ ಆಡಳಿತ ಮಂಡಳಿಯ ತೀರ್ಮಾನ. ಕಾಲೇಜು ಕ್ರೀಡೆಯನ್ನು ನಡೆಸುವ ಎನ್‌ಸಿಎಎ ಸಂಸ್ಥೆ 1973ರಲ್ಲಿ ತನ್ನ ಸದಸ್ಯ ಕಾಲೇಜುಗಳನ್ನು ಮೂರು ಡಿವಿಷನ್ ಆಗಿ ಹಂಚಿತು. ಡಿವಿಷನ್ 3ರಲ್ಲಿ ಆಟಕ್ಕೆ ಅಂತ ಸ್ಕಾಲರ್‌ಶಿಪ್ ಕೊಡುವಂತಿಲ್ಲ. ಡಿವಿಷನ್ 2ರಲ್ಲಿ ಕೊಡಬಹುದು, ಹೆಚ್ಚಿನವರಿಗೆ ಅದು ಅರ್ಧಂಬರ್ಧ. ಡಿವಿಷನ್ 1ರಲ್ಲಿ ಪೂರ್ತಿ ಸ್ಕಾಲರ್‌ಶಿಪ್ ಕೂಡ ಕೊಡಬಹುದು, ಜೊತೆಗೆ ಕನಿಷ್ಠ 14 ಕ್ರೀಡೆಗಳು, ದೂರದ ಪ್ರಯಾಣ, ದುಬಾರಿ ಕೋಚ್‌ಗಳು.

ಅಲ್ಲಿಗೆ ಹೋಗಬೇಕಾದರೆ ಯಾವುದಾದರೂ ಡಿವಿಷನ್ 1 ಲೀಗ್, ಅಂದರೆ ತಮ್ಮತಮ್ಮಲ್ಲಿ ಆಡುವ ಕಾಲೇಜುಗಳ ಗುಂಪು, "ಬನ್ನಿ" ಅಂತ ಕರೆಯಬೇಕು. 2011ರಿಂದ ಅದು ಕಡ್ಡಾಯ. ಅರ್ಜಿ ಶುಲ್ಕವೇ 10 ಲಕ್ಷ ಡಾಲರ್ ದಾಟುತ್ತದೆ. ಆಮೇಲೆ ಕಾಯುವ ಕಾಲ. ಡಿವಿಷನ್ 2ರಿಂದ ಬಂದವರಿಗೆ ಅದು ನಾಲ್ಕು ವರ್ಷ ಇತ್ತು. 2025ರಲ್ಲಿ, ಕೆಲವು ಷರತ್ತು ಪೂರೈಸಿದವರಿಗೆ ಮೂರಕ್ಕೆ ಇಳಿಸಿದರು. ಆ ವರ್ಷಗಳಲ್ಲಿ ಡಿವಿಷನ್ 1ರ ಖರ್ಚು ಪೂರ್ತಿ ಇರುತ್ತದೆ, ಆದರೆ ಎನ್‌ಸಿಎಎ ನಡೆಸುವ ರಾಷ್ಟ್ರೀಯ ಟೂರ್ನಿಯಲ್ಲಿ ಆಡುವಂತಿಲ್ಲ.

ಈ ಕಾಯುವಿಕೆ ಎಷ್ಟು ಕಠಿಣ ಅನ್ನೋದಕ್ಕೆ ಮೆರಿಮ್ಯಾಕ್ ಕಾಲೇಜಿನ ಕಥೆ ಸಾಕು. ಮ್ಯಾಸಚೂಸೆಟ್ಸ್‌ನ ಈ ಕಾಲೇಜು 2019ರಲ್ಲಿ ಡಿವಿಷನ್ 1ಕ್ಕೆ ಬಂತು. 2023ರ ಮಾರ್ಚ್‌ನಲ್ಲಿ, ಕಾಯುವ ಕಾಲದ ಕೊನೆಯ ವರ್ಷ, ಅದರ ಹುಡುಗರ ಬ್ಯಾಸ್ಕೆಟ್‌ಬಾಲ್ ತಂಡ ಲೀಗ್‌ನ ಫೈನಲ್‌ನಲ್ಲಿ ಫೇರ್ಲಿ ಡಿಕಿನ್ಸನ್ ತಂಡವನ್ನು 67-66ರಲ್ಲಿ ಸೋಲಿಸಿತು. ಒಂದೇ ಪಾಯಿಂಟ್. ಕಪ್ ಎತ್ತಿದ್ದು ಮೆರಿಮ್ಯಾಕ್. ಆದರೆ ರಾಷ್ಟ್ರೀಯ ಟೂರ್ನಿಗೆ ಹೋಗಿದ್ದು ಸೋತ ಫೇರ್ಲಿ ಡಿಕಿನ್ಸನ್. ಅದೇ ತಂಡ ಅಲ್ಲಿ ಅಗ್ರ ಶ್ರೇಯಾಂಕದ ಪರ್ಡ್ಯೂವನ್ನು 63-58ರಲ್ಲಿ ಉರುಳಿಸಿ ದೇಶಕ್ಕೆಲ್ಲ ಹೆಸರಾಯಿತು. ಮೆರಿಮ್ಯಾಕ್ ಹುಡುಗರು ಅದನ್ನು ಟಿವಿಯಲ್ಲಿ ನೋಡಬೇಕಾಯಿತು. ಅವರು ತಪ್ಪೇನೂ ಮಾಡಿರಲಿಲ್ಲ. ಅವರಲ್ಲಿ ಕೊನೆಯ ವರ್ಷ ಆಡುತ್ತಿದ್ದವರಿಗೆ ಆ ಅವಕಾಶ ಮತ್ತೆ ಬರಲೇ ಇಲ್ಲ. ಮೇಲೆ ಹೋಗುವ ತೀರ್ಮಾನ ಮಾಡುವಾಗ ದೊಡ್ಡವರು ಈ ಹುಡುಗರ ಬಗ್ಗೆ ಯೋಚಿಸಬೇಕು ಅಂತ ನನಗೆ ಬಲವಾಗಿ ಅನಿಸುತ್ತದೆ.

ಈಗ ದುಡ್ಡಿನ ವಿಷಯ. ಇಲ್ಲಿ ಸ್ವಲ್ಪ ನಿಧಾನವಾಗಿ ನೋಡೋಣ. ಸಣ್ಣ ಖಾಸಗಿ ಕಾಲೇಜಿನ ಪಾಲಿಗೆ ಡಿವಿಷನ್ 3ರ ಆಟಗಾರ ಒಬ್ಬ ಫೀಸ್ ಕಟ್ಟುವ ವಿದ್ಯಾರ್ಥಿ. ಫುಟ್‌ಬಾಲ್ (ನಮ್ಮ ಕಾಲ್ಚೆಂಡು ಅಲ್ಲ, ಅಮೆರಿಕನ್ ಫುಟ್‌ಬಾಲ್) ತಂಡ ಇದ್ದರೆ ಆಡುವ ಆಸೆಗೆ ನೂರು ಹುಡುಗರು ಬಂದು ಸೇರುತ್ತಾರೆ. ಎಷ್ಟೋ ಸಣ್ಣ ಕಾಲೇಜುಗಳು ಹೊಸ ಹೊಸ ತಂಡ ಕಟ್ಟುವುದೇ ಸೀಟು ತುಂಬಿಸಲು. ಡಿವಿಷನ್ 1ರಲ್ಲಿ ಲೆಕ್ಕ ತಲೆಕೆಳಗಾಗುತ್ತದೆ. ಅಲ್ಲಿ ಪೂರ್ತಿ ಸ್ಕಾಲರ್‌ಶಿಪ್ ಮೇಲೆ ಬಂದ ಆಟಗಾರನಿಂದ ಕಾಲೇಜಿಗೆ ಫೀಸ್ ಬರುವುದಿಲ್ಲ. ಅವನ ಊಟ, ವಸತಿ, ಪ್ರಯಾಣ ಎಲ್ಲ ಕಾಲೇಜಿನದೇ. ಟಿವಿ ಹಕ್ಕಿನ ಹಣ ಬರುವುದಿಲ್ಲವೇ ಅಂದರೆ, ಅದರಲ್ಲಿ ದೊಡ್ಡ ಪಾಲು ದೊಡ್ಡ ಲೀಗ್‌ಗಳಿಗೆ. ಬ್ಯಾಸ್ಕೆಟ್‌ಬಾಲ್ ಟೂರ್ನಿಯಲ್ಲಿ ಒಂದು ಪಂದ್ಯ ಆಡಿದರೆ ಸುಮಾರು 20 ಲಕ್ಷ ಡಾಲರ್ ಬರುತ್ತದೆ ನಿಜ. ಆದರೆ ಅದು ಆರು ವರ್ಷಗಳಲ್ಲಿ, ಲೀಗ್‌ನ ಖಾತೆಗೆ. ಅಲ್ಲಿಂದ ಎಲ್ಲ ಕಾಲೇಜುಗಳಿಗೂ ಹಂಚಿಕೆ.

ಬರ್ಮಿಂಗ್‌ಹ್ಯಾಮ್ ಸದರ್ನ್ ಕಾಲೇಜು ಈ ಲೆಕ್ಕವನ್ನು ಎರಡೂ ಕಡೆಯಿಂದ ಕಂಡಿತು. ಅಲಬಾಮಾದ ಈ ಪುಟ್ಟ ಕಾಲೇಜು 2003ರಲ್ಲಿ ಡಿವಿಷನ್ 1ರ ಪೂರ್ಣ ಸದಸ್ಯ ಆಯಿತು. ಮೂರೇ ವರ್ಷದಲ್ಲಿ, 2006ರಲ್ಲಿ, ಖರ್ಚು ತಾಳಲಾರದೆ ಡಿವಿಷನ್ 3ಕ್ಕೆ ಇಳಿಯಲು ತೀರ್ಮಾನಿಸಿತು. ಕೂಡಲೇ ಫುಟ್‌ಬಾಲ್ ತಂಡ ಶುರು ಮಾಡಿತು. 2024ರ ಮೇ 31ರಂದು ಕಾಲೇಜೇ ಮುಚ್ಚಿತು. ಮುಚ್ಚಿದ್ದಕ್ಕೆ ಸಾಲ ಮತ್ತು ಬೇರೆ ತೊಂದರೆಗಳು ಕಾರಣ, ಅದನ್ನು ಕ್ರೀಡೆಯ ತಲೆಗೆ ಕಟ್ಟುವುದು ತಪ್ಪು. ಆದರೆ ಕೈಯಲ್ಲಿ ಹೆಚ್ಚು ಹಣ ಇಲ್ಲದ ಕಾಲೇಜಿಗೆ ಎರಡು ಮೂರು ವರ್ಷದ ತಪ್ಪು ಲೆಕ್ಕವೂ ಭಾರವೇ. ಕಾಲೇಜು ಮುಚ್ಚಿದ ದಿನವೇ ಅವರ ಬೇಸ್‌ಬಾಲ್ ತಂಡ ಒಹಾಯೋದಲ್ಲಿ ಡಿವಿಷನ್ 3ರ ರಾಷ್ಟ್ರೀಯ ಟೂರ್ನಿಯಲ್ಲಿ ಆಡುತ್ತಿತ್ತು. ಕಾಲೇಜು ಇಲ್ಲ, ತಂಡ ಇದೆ.

ಮೇಲಿದ್ದು ಈಗ ಕೆಳಗೆ ಬರುತ್ತಿರುವವರೂ ಇದ್ದಾರೆ. ಹಾರ್ಟ್‌ಫರ್ಡ್ ವಿಶ್ವವಿದ್ಯಾಲಯ 2021ರ ಮಾರ್ಚ್‌ನಲ್ಲಿ ಮೊದಲ ಸಲ ಹುಡುಗರ ಬ್ಯಾಸ್ಕೆಟ್‌ಬಾಲ್ ಟೂರ್ನಿಗೆ ಹೋಯಿತು. ಎರಡೇ ತಿಂಗಳಲ್ಲಿ ಆಡಳಿತ ಮಂಡಳಿ ಡಿವಿಷನ್ 3ಕ್ಕೆ ಇಳಿಯಲು ಮತ ಹಾಕಿತು. ವರ್ಷಕ್ಕೆ 92 ಲಕ್ಷ ಡಾಲರ್ ಉಳಿಯಬಹುದು ಅಂತ ಅವರು ಮಾಡಿಸಿದ ಅಧ್ಯಯನ ಹೇಳಿತ್ತು. ಆಟಗಾರರು, ಹಳೆ ವಿದ್ಯಾರ್ಥಿಗಳು ಬೀದಿಗೆ ಬಂದರೂ ತೀರ್ಮಾನ ಬದಲಾಗಲಿಲ್ಲ. ಪೆನ್ಸಿಲ್ವೇನಿಯಾದ ಸೇಂಟ್ ಫ್ರಾನ್ಸಿಸ್ ವಿಶ್ವವಿದ್ಯಾಲಯದ್ದೂ ಹೆಚ್ಚುಕಡಿಮೆ ಇದೇ ಕಥೆ. 2025ರ ಮಾರ್ಚ್‌ನಲ್ಲಿ ಟೂರ್ನಿಯಲ್ಲಿ ಅಲಬಾಮಾ ಸ್ಟೇಟ್ ಎದುರು 70-68ರಲ್ಲಿ ಸೋತ ಮುಂದಿನ ವಾರವೇ ಡಿವಿಷನ್ 3ಕ್ಕೆ ಹೋಗುತ್ತೇವೆ ಅಂತ ಘೋಷಿಸಿತು. ಅಂದರೆ ಟೂರ್ನಿಗೆ ಹೋದ ಸಂಭ್ರಮವೂ ಖಾತೆಯ ತೂತು ಮುಚ್ಚಲಿಲ್ಲ.

ಹಾಗಾದರೆ ಯಾರಿಗೆ ಒಳ್ಳೆಯದಾಗಿದೆ? ನನಗೆ ತುಂಬಾ ಇಷ್ಟವಾದ ಉದಾಹರಣೆ ಯುಸಿ ಸ್ಯಾನ್ ಡಿಯಾಗೋ. ಇದು ಸಾವಿರಾರು ವಿದ್ಯಾರ್ಥಿಗಳಿರುವ ಸರ್ಕಾರಿ ವಿಶ್ವವಿದ್ಯಾಲಯ. ಓದಿನಲ್ಲಿ ಹೆಸರು ಮೊದಲೇ ಇತ್ತು. ಮೇಲೆ ಹೋಗಲು ಫೀಸ್ ಏರಿಸಬೇಕಾಗಿತ್ತು, ಅದಕ್ಕೆ ವಿದ್ಯಾರ್ಥಿಗಳನ್ನೇ ಕೇಳಿದರು. 2012ರ ಮತದಾನದಲ್ಲಿ ಅವರು ಬೇಡ ಅಂದರು. ಆಡಳಿತ ಸುಮ್ಮನಾಯಿತು. 2016ರಲ್ಲಿ ಮತ್ತೆ ಕೇಳಿದಾಗ ಭಾರೀ ಬಹುಮತದಿಂದ ಹೂಂ ಅಂದರು. 2020ರಲ್ಲಿ ಬಿಗ್ ವೆಸ್ಟ್ ಲೀಗ್ ಸೇರಿ ನಾಲ್ಕು ವರ್ಷ ಕಾದರು. ಅರ್ಹತೆ ಸಿಕ್ಕ ಮೊದಲ ವರ್ಷವೇ, 2025ರಲ್ಲಿ, ಹುಡುಗರು ಹುಡುಗಿಯರು ಎರಡೂ ಬ್ಯಾಸ್ಕೆಟ್‌ಬಾಲ್ ತಂಡಗಳು ಲೀಗ್ ಗೆದ್ದು ರಾಷ್ಟ್ರೀಯ ಟೂರ್ನಿಗೆ ಹೋದವು. ಹುಡುಗರು ಮಿಶಿಗನ್ ಎದುರು ಬರೀ ಮೂರು ಪಾಯಿಂಟ್‌ನಿಂದ ಸೋತರು. ದುಡ್ಡು ಕೊಡುವವರನ್ನು ಕೇಳಿ, ಅವರು ಬೇಡ ಅಂದಾಗ ನಿಂತು, ಒಪ್ಪಿದ ಮೇಲೆ ಹೆಜ್ಜೆ ಇಟ್ಟರು. ಈ ಕೆಲಸ ಮಾಡುವ ರೀತಿ ಇದೇ ಅಲ್ವಾ?

ಮಿನ್ನೆಸೋಟಾದ ಸೇಂಟ್ ಪಾಲ್ ನಗರದ ಸೇಂಟ್ ಥಾಮಸ್ ವಿಶ್ವವಿದ್ಯಾಲಯದ ಕಥೆ ಬೇರೆ. ಅದು ಡಿವಿಷನ್ 3ರಲ್ಲಿ ಎಷ್ಟು ಬಲವಾಗಿತ್ತೆಂದರೆ 2017ರಲ್ಲಿ ಒಂದು ಫುಟ್‌ಬಾಲ್ ಪಂದ್ಯವನ್ನು 97-0ರಲ್ಲಿ ಗೆದ್ದಿತ್ತು. 2019ರಲ್ಲಿ ಉಳಿದ ಕಾಲೇಜುಗಳು ಅದನ್ನು ಲೀಗ್‌ನಿಂದ ಹೊರಗೆ ಕಳಿಸಿದವು. 1920ರಲ್ಲಿ ಆ ಲೀಗ್ ಕಟ್ಟಿದವರಲ್ಲಿ ತಾನೂ ಒಂದಾಗಿದ್ದ ಕಾಲೇಜನ್ನೇ! ಅದು ಎನ್‌ಸಿಎಎಯಿಂದ ವಿಶೇಷ ಅನುಮತಿ ಪಡೆದು 2021ರಲ್ಲಿ ಡಿವಿಷನ್ 3ರಿಂದ ನೇರ 1ಕ್ಕೆ ಬಂತು. ಅದರ ಬೆನ್ನಿಗೆ ದಾನಿಗಳಿದ್ದರು. ಹೊಸ ಕ್ರೀಡಾಂಗಣಕ್ಕೆ ಒಂದೇ ಕುಟುಂಬ 7.5 ಕೋಟಿ ಡಾಲರ್ ಕೊಟ್ಟಿತು. ಹಾಗಿದ್ದರೂ ಮೊದಲು ಮಿನ್ನೆಸೋಟಾ ಒಳಗೇ ಬಸ್ಸಿನಲ್ಲಿ ಹೋಗಿ ಬರುತ್ತಿದ್ದ ಮಕ್ಕಳು ಈಗ ಡೆನ್ವರ್, ಟಲ್ಸಾ ಅಂತ ಓಡಾಡುತ್ತಾರೆ. ಅಷ್ಟು ಕ್ಲಾಸ್ ತಪ್ಪುತ್ತದೆ.

"ಹೆಸರು ಬಂದರೆ ಅರ್ಜಿ ಹೆಚ್ಚುತ್ತೆ" ಅನ್ನುವ ಮಾತಿನಲ್ಲಿ ಸತ್ಯ ಇದೆ, ಆದರೆ ಕಡಿಮೆ. 2009ರಲ್ಲಿ ಪ್ರಕಟವಾದ ಒಂದು ಅಧ್ಯಯನದ ಪ್ರಕಾರ ಬ್ಯಾಸ್ಕೆಟ್‌ಬಾಲ್‌ನಲ್ಲಿ ಕೊನೆಯ 16ರೊಳಗೆ ಬಂದ ಅಥವಾ ಫುಟ್‌ಬಾಲ್‌ನಲ್ಲಿ ಮೊದಲ 20ರಲ್ಲಿ ನಿಂತ ಕಾಲೇಜುಗಳಿಗೆ ಅರ್ಜಿ ಶೇ. 2ರಿಂದ 8ರಷ್ಟು ಹೆಚ್ಚಿತು. ಗಮನಿಸಿ, ಇದು ಗೆದ್ದವರ ಲೆಕ್ಕ. ಡಿವಿಷನ್ 1ರಲ್ಲಿ 350ಕ್ಕೂ ಹೆಚ್ಚು ಕಾಲೇಜುಗಳಿವೆ. ಸುಮ್ನೆ ಸೇರಿಕೊಂಡವರ ಬಾಗಿಲಿಗೆ ಯಾರೂ ಸಾಲು ನಿಲ್ಲುವುದಿಲ್ಲ. ಓದಿನ ಹೆಸರಿಗೆ ಡಿವಿಷನ್ 1 ಬೇಕೇ ಬೇಕು ಅಂತಲೂ ಇಲ್ಲ. ಎಂಐಟಿಯ ಹೆಚ್ಚಿನ ತಂಡಗಳು ಡಿವಿಷನ್ 3ರಲ್ಲಿವೆ. ಶಿಕಾಗೋ ವಿಶ್ವವಿದ್ಯಾಲಯದ ಆಟಗಾರನಿಗೆ 1935ರಲ್ಲಿ ಮೊಟ್ಟಮೊದಲ ಹೈಸ್ಮನ್ ಟ್ರೋಫಿ, ಅಂದರೆ ಕಾಲೇಜು ಫುಟ್‌ಬಾಲ್‌ನ ಶ್ರೇಷ್ಠ ಆಟಗಾರನ ಪ್ರಶಸ್ತಿ, ಸಿಕ್ಕಿತ್ತು. 1939ರಲ್ಲಿ ಅದು ಫುಟ್‌ಬಾಲ್ ತಂಡವನ್ನೇ ಮುಚ್ಚಿತು. ಖಾಲಿ ಬಿದ್ದ ಸ್ಟೇಡಿಯಂನ ಗ್ಯಾಲರಿ ಕೆಳಗೆ 1942ರಲ್ಲಿ ವಿಜ್ಞಾನಿ ಎನ್ರಿಕೊ ಫರ್ಮಿ ತಂಡ ಜಗತ್ತಿನ ಮೊದಲ ಪರಮಾಣು ರಿಯಾಕ್ಟರ್ ಓಡಿಸಿತು. ಇವತ್ತು ಅವರೂ ಡಿವಿಷನ್ 3ರಲ್ಲೇ ಆಡುತ್ತಾರೆ.

ಇನ್ನೊಂದು ಹೊಸ ಹೊರೆ ಬಂದಿದೆ. ಆಟಗಾರರು ಎನ್‌ಸಿಎಎ ಮೇಲೆ ಹಾಕಿದ್ದ ಕೇಸಿನಲ್ಲಿ 2025ರ ಜೂನ್‌ನಲ್ಲಿ ನ್ಯಾಯಾಲಯ ಒಪ್ಪಿದ ರಾಜಿಯ ಪ್ರಕಾರ ಡಿವಿಷನ್ 1ರ ಕಾಲೇಜುಗಳು ಆಟಗಾರರಿಗೆ ನೇರವಾಗಿ ಹಣ ಕೊಡಬಹುದು. ಮೊದಲ ವರ್ಷದ ಮಿತಿ ಒಂದು ಕಾಲೇಜಿಗೆ 2.05 ಕೋಟಿ ಡಾಲರ್. ಸಣ್ಣ ಕಾಲೇಜು ಅಷ್ಟು ಕೊಡಬೇಕಾಗಿಲ್ಲ, ಆದರೆ ಕೊಡುವವರ ಜೊತೆ ಪೈಪೋಟಿ ಮಾಡಬೇಕು. ಹಳೆ ಆಟಗಾರರಿಗೆ ಕೊಡಬೇಕಾದ 280 ಕೋಟಿ ಡಾಲರ್ ಪರಿಹಾರದಲ್ಲಿ ದೊಡ್ಡ ಪಾಲನ್ನು ಎನ್‌ಸಿಎಎ ಕಾಲೇಜುಗಳಿಗೆ ಹಂಚುವ ಹಣದಲ್ಲೇ ಮುರಿದುಕೊಳ್ಳುತ್ತದೆ. ಕೇಸಿಗೂ ತಮಗೂ ಸಂಬಂಧವೇ ಇಲ್ಲದ ಸಣ್ಣ ಕಾಲೇಜುಗಳಿಗೂ ಇದರ ಬಿಸಿ ತಟ್ಟುತ್ತದೆ. ಇದು ಅನ್ಯಾಯ ಅಂತ ನನ್ನ ಅಭಿಪ್ರಾಯ. ಹತ್ತು ವರ್ಷದ ಹಿಂದೆ ಮೇಲೆ ಹೋಗುವುದಕ್ಕೂ ಈಗ ಹೋಗುವುದಕ್ಕೂ ಬಹಳ ವ್ಯತ್ಯಾಸ ಇದೆ.

ನಿಮ್ಮ ಮಗಳ ವಿಷಯಕ್ಕೆ ಬರೋಣ. ಅವಳು ತಂಡದಲ್ಲಿ ಆಡುತ್ತಿದ್ದರೆ ಕೋಚ್‌ರನ್ನು ಈಗಲೇ ಕೇಳಲಿ: ಈಗಿರುವ ಹುಡುಗಿಯರನ್ನು ಉಳಿಸಿಕೊಳ್ಳುತ್ತೀರಾ, ಸ್ಕಾಲರ್‌ಶಿಪ್ ಮುಂದುವರಿಯುತ್ತದಾ? ಮೇಲಿನ ಮಟ್ಟಕ್ಕೆ ಹೋಗುವಾಗ ಬೇರೆ ಕಡೆಯಿಂದ ಆಟಗಾರರನ್ನು ತಂದು ಹಳಬರನ್ನು ಬೆಂಚಿಗೆ ಕೂರಿಸುವುದು ಮಾಮೂಲು.

ಆಡುತ್ತಿಲ್ಲವಾದರೆ ಫೀಸ್ ಬಿಲ್ ತೆಗೆದು ನೋಡಿ. ಕೆಲವು ಕಾಲೇಜುಗಳು ಕ್ರೀಡಾ ಶುಲ್ಕವನ್ನು ಬೇರೆಯಾಗಿ ತೋರಿಸುತ್ತವೆ. ಕೆಲವು ಕಡೆ ಅದು ಬೇರೆ ಶುಲ್ಕದ ಜೊತೆ ಸೇರಿರುತ್ತದೆ, ಕೇಳಿ ಬಿಡಿಸಿಕೊಳ್ಳಬೇಕು. ವರ್ಜೀನಿಯಾದ ಜೇಮ್ಸ್ ಮ್ಯಾಡಿಸನ್ ವಿಶ್ವವಿದ್ಯಾಲಯ 2022ರಲ್ಲಿ, ಡಿವಿಷನ್ 1ರೊಳಗೇ ಫುಟ್‌ಬಾಲ್‌ಗೆ ಇರುವ ಎರಡು ಹಂತಗಳಲ್ಲಿ ಮೇಲಿನದಕ್ಕೆ ಹೋಗಿ ಮೈದಾನದಲ್ಲಿ ಭರ್ಜರಿ ಯಶಸ್ಸು ಕಂಡಿತು. ಅಲ್ಲಿ ಪ್ರತಿ ವಿದ್ಯಾರ್ಥಿ ವರ್ಷಕ್ಕೆ 2,000 ಡಾಲರ್‌ಗೂ ಹೆಚ್ಚು ಕ್ರೀಡಾ ಶುಲ್ಕ ಕಟ್ಟುತ್ತಾನೆ, ಒಂದು ಪಂದ್ಯ ನೋಡದಿದ್ದರೂ.

ಕಾಲೇಜು ಪೋಷಕರ ಸಭೆ ಕರೆದರೆ ತಪ್ಪದೆ ಹೋಗಿ. ಯಾವ ಲೀಗ್ ಕರೆದಿದೆ? ಕಾಯುವ ವರ್ಷಗಳ ಖರ್ಚಿಗೆ ದಾನ ಕೈಗೆ ಬಂದಿದೆಯಾ, ಬರೀ ಮಾತಿನಲ್ಲಿದೆಯಾ? ಐದು ವರ್ಷ ಸತತ ಸೋತರೂ ನಡೆಸುವ ಶಕ್ತಿ ಇದೆಯಾ? ವಿದ್ಯಾರ್ಥಿಗಳ ಮತ ಕೇಳುತ್ತೀರಾ? ಇದಕ್ಕೆ ನೇರ ಉತ್ತರ ಸಿಗದಿದ್ದರೆ ಬೇಡ ಅಂತ ಧೈರ್ಯವಾಗಿ ಹೇಳಿ. ಹೋಗುವ ಮುಂಚೆ ಅಮೆರಿಕದ ಶಿಕ್ಷಣ ಇಲಾಖೆಯ ವೆಬ್‌ಸೈಟ್‌ನಲ್ಲಿ ಆ ಕಾಲೇಜಿನ ಕ್ರೀಡಾ ಆದಾಯ, ಖರ್ಚು ನೋಡಿಕೊಳ್ಳಿ. ಕೇಂದ್ರ ಸರ್ಕಾರದ ನೆರವು ಪಡೆಯುವ ಕಾಲೇಜುಗಳು ಪ್ರತಿ ವರ್ಷ ಅದನ್ನು ಸಲ್ಲಿಸಲೇಬೇಕು, ಯಾರು ಬೇಕಾದರೂ ಪುಕ್ಕಟೆ ನೋಡಬಹುದು. ಆದಾಯ ಖರ್ಚು ಎರಡೂ ಸರಿಸಮ ಕಂಡರೆ ಲಾಭನಷ್ಟ ಇಲ್ಲ ಅಂದುಕೊಳ್ಳಬೇಡಿ. ವಿದ್ಯಾರ್ಥಿಗಳ ಶುಲ್ಕ ಮತ್ತು ಕಾಲೇಜು ತನ್ನ ಬೊಕ್ಕಸದಿಂದ ಹಾಕಿದ ಹಣವನ್ನೂ ಆದಾಯದ ಕಾಲಂನಲ್ಲೇ ಸೇರಿಸಿರುತ್ತಾರೆ.