ಬರೆದವರು, ಚಿತ್ರ ತೆಗೆದವರು: ಜಂಟಿ ಪುಸ್ತಕಗಳ ತೀರದ ಲೆಕ್ಕ

1990ರ ಪುಲಿಟ್ಜರ್ ಪ್ರಶಸ್ತಿಗಳು ಪ್ರಕಟವಾದಾಗ ಕಥೇತರ ಗದ್ಯದ ವಿಭಾಗದಲ್ಲಿ ಎರಡು ಹೆಸರುಗಳಿದ್ದವು. ಡೇಲ್ ಮಹಾರಿಡ್ಜ್ ಬರಹಗಾರ, ಮೈಕಲ್ ವಿಲಿಯಮ್ಸನ್ ಛಾಯಾಗ್ರಾಹಕ. ಗದ್ಯಕ್ಕೆಂದು ಇಟ್ಟ ಪ್ರಶಸ್ತಿಯಲ್ಲಿ ಕ್ಯಾಮೆರಾ ಹಿಡಿದವನಿಗೂ ಪಾಲು ಸಿಕ್ಕಿತ್ತು. ಇಂಥದ್ದು ನಡೆಯುವುದು ಅಪರೂಪ. ನಮ್ಮ ಕನ್ನಡದ ಪುಸ್ತಕಗಳನ್ನೇ ತೆಗೆದು ನೋಡಿ. ಊರು, ದೇವಸ್ಥಾನ, ಕಾಡು, ಜಾತ್ರೆ ಯಾವುದರ ಮೇಲಿನ ಪುಸ್ತಕವಾದರೂ ಲೇಖಕರ ಹೆಸರು ಮುಖಪುಟದಲ್ಲಿರುತ್ತದೆ. ಚಿತ್ರ ತೆಗೆದವರ ಹೆಸರು ಮುದ್ರಣದ ವಿವರಗಳ ಪುಟದಲ್ಲಿ, ಕಾಗದದ ಗುಣಮಟ್ಟ ಮತ್ತು ಪ್ರತಿಗಳ ಸಂಖ್ಯೆಯ ನಡುವೆ, 'ಚಿತ್ರಕೃಪೆ' ಎಂಬ ಸಾಲಿನಲ್ಲಿ ಕುಳಿತಿರುತ್ತದೆ. ಕೃಪಾಕರ-ಸೇನಾನಿ ಅವರಂತೆ ಇಬ್ಬರೂ ಬರೆದು, ಇಬ್ಬರೂ ಚಿತ್ರ ತೆಗೆದು, ಎರಡು ಹೆಸರನ್ನು ಒಂದೇ ಹೆಸರಾಗಿಸಿಕೊಂಡವರು ಬೆರಳೆಣಿಕೆಯಷ್ಟು.

ಜಂಟಿ ಪುಸ್ತಕ ಯಾರದು, ಅದರ ಗೌರವಧನ ಯಾರಿಗೆ, ಹಕ್ಕು ಎಷ್ಟು ಕಾಲ, ಚಿತ್ರದಲ್ಲಿರುವ ಮನುಷ್ಯನಿಗೆ ಏನು ಎಂಬ ಪ್ರಶ್ನೆಗಳು ಈಗ ಒಂದಕ್ಕೊಂದು ಸುತ್ತಿಕೊಂಡಿವೆ. ಬಿಡಿಸಲು ಸ್ವಲ್ಪ ಹಿಂದಕ್ಕೆ ಹೋಗಬೇಕು.

ಹತ್ತೊಂಬತ್ತನೆಯ ಶತಮಾನದಲ್ಲಿ ಛಾಯಾಚಿತ್ರವನ್ನು ಪುಸ್ತಕದ ಹಾಳೆಗೆ ಕೈಯಿಂದ ಅಂಟಿಸುತ್ತಿದ್ದರು. ಆ ಶತಮಾನದ ಕೊನೆಗೆ ಚಿತ್ರವನ್ನು ಚುಕ್ಕೆಗಳಾಗಿ ಒಡೆದು ಅಕ್ಷರಗಳ ಜೊತೆಗೇ ಅಚ್ಚು ಹಾಕುವ ಹಾಫ್‌ಟೋನ್ ವಿಧಾನ ಬಂತು. ಮುಂದಿನ ಹಲವು ದಶಕ ಛಾಯಾಗ್ರಾಹಕನೆಂದರೆ ಬರಹಗಾರನ ಜೊತೆ ಕಳುಹಿಸಿಕೊಟ್ಟ ಆಸಾಮಿ, ಅಷ್ಟೇ.

1930ರ ದಶಕದ ಅಮೆರಿಕದಲ್ಲಿ ಇದು ಬದಲಾಯಿತು. ಮಹಾ ಆರ್ಥಿಕ ಕುಸಿತದ ಕಾಲ. ಹಳ್ಳಿಗಾಡಿನ ಬಡತನವನ್ನು ನಗರದವರಿಗೆ ತೋರಿಸಲು ಸರ್ಕಾರವೇ ಛಾಯಾಗ್ರಾಹಕರಿಗೆ ಸಂಬಳ ಕೊಟ್ಟು ಕಳುಹಿಸಿತು. 1937ರಲ್ಲಿ ಕಾದಂಬರಿಕಾರ ಅರ್ಸ್ಕಿನ್ ಕಾಲ್ಡ್‌ವೆಲ್ ಮತ್ತು ಮಾರ್ಗರೆಟ್ ಬರ್ಕ್-ವೈಟ್ ದಕ್ಷಿಣದ ಗೇಣಿದಾರರ ಬಗ್ಗೆ ಒಂದು ಪುಸ್ತಕ ತಂದರು. ಮುಂದೆ 1946ರಲ್ಲಿ ಚರಕದ ಬಳಿ ಕುಳಿತ ಗಾಂಧೀಜಿಯ ಚಿತ್ರ ತೆಗೆದ ಬರ್ಕ್-ವೈಟ್ ಇವರೇ. ಪುಸ್ತಕ ಚೆನ್ನಾಗಿ ಓಡಿತು. ಆದರೆ ಚಿತ್ರಗಳ ಕೆಳಗೆ ಬಡವರ ಮಾತೆಂಬಂತೆ ಅಚ್ಚಾದ ಸಾಲುಗಳು ಅವರು ಆಡಿದವಲ್ಲ, ಲೇಖಕರಿಬ್ಬರು ಊಹಿಸಿ ಬರೆದವು. ಅದನ್ನು ಪುಸ್ತಕದ ಆರಂಭದಲ್ಲೇ ಹೇಳಿಕೊಂಡಿದ್ದರು. ಎರಡು ವರ್ಷದ ಬಳಿಕ ಡೊರೊಥಿಯಾ ಲ್ಯಾಂಗ್ ಮತ್ತು ಅವರ ಪತಿ, ಅರ್ಥಶಾಸ್ತ್ರಜ್ಞ ಪಾಲ್ ಟೇಲರ್ ತಂದ ಪುಸ್ತಕದಲ್ಲಿ ಜನ ನಿಜವಾಗಿ ಆಡಿದ ಮಾತುಗಳನ್ನೇ ಚಿತ್ರಗಳ ಪಕ್ಕದಲ್ಲಿ ಇಟ್ಟರು. ಫೋಟೊ ಇದ್ದುದರಿಂದ ಎರಡೂ ಪುಸ್ತಕಗಳ ಮಾತು ಸತ್ಯವೆಂದೇ ಓದುಗರಿಗೆ ಕಂಡಿದ್ದರೆ ಆಶ್ಚರ್ಯವಿಲ್ಲ.

ಇವೆರಡಕ್ಕೂ ಮುಂಚೆಯೇ, 1936ರ ಬೇಸಿಗೆಯಲ್ಲಿ, ಈ ಇತಿಹಾಸದ ನಡುಗಂಬವಾಗಬೇಕಿದ್ದ ಕೆಲಸ ಅಲಬಾಮಾ ರಾಜ್ಯದ ಹೇಲ್ ಕೌಂಟಿಯಲ್ಲಿ ನಡೆಯಿತು. 'ಫಾರ್ಚೂನ್' ಪತ್ರಿಕೆ ತನ್ನ ಬರಹಗಾರ, 26ರ ಹರೆಯದ ಜೇಮ್ಸ್ ಏಜೀಯನ್ನು ಹತ್ತಿ ಬೆಳೆಯುವ ಬಡ ಬಿಳಿಯರ ಬಗ್ಗೆ ಬರೆಯಲು ಕಳುಹಿಸಿತು. ಫಸಲಿನಲ್ಲಿ ಅರ್ಧ ಧಣಿಗೆ ಕೊಡುವ ಕೋರುಪಾಲಿನ ಬೇಸಾಯ ಅವರದು. ಏಜೀ ಜೊತೆಗೆ ಬೇಕೆಂದು ಕೇಳಿದ್ದು 32 ವರ್ಷದ ವಾಕರ್ ಇವಾನ್ಸ್‌ರನ್ನು. ಇವಾನ್ಸ್ ಆಗ ಸರ್ಕಾರಿ ನೌಕರ. ಇಲಾಖೆ ಅವರನ್ನು ಎರವಲು ಕೊಟ್ಟಿತು, ಒಂದು ಷರತ್ತಿನ ಮೇಲೆ: ತೆಗೆದ ಚಿತ್ರಗಳೆಲ್ಲ ಕೊನೆಗೆ ಸರ್ಕಾರದ ಆಸ್ತಿ.

ಮೂರು ಕುಟುಂಬಗಳನ್ನು ಆರಿಸಿಕೊಂಡರು. ಏಜೀ ಒಂದು ಮನೆಯಲ್ಲಿ ತಿಗಣೆ, ಚಿಗಟಗಳ ಜೊತೆ ಮಲಗಿ, ಆ ಮನೆಯ ಹಲಗೆ, ಮೇಜಿನ ಒಳಗಿನ ವಸ್ತು, ಬಟ್ಟೆಯ ತೇಪೆಗಳನ್ನೆಲ್ಲ ಒಂದೊಂದಾಗಿ ಬರೆದುಕೊಂಡರು. ಇವಾನ್ಸ್ ದೊಡ್ಡ ನಿಲುಗಾಲಿನ ಕ್ಯಾಮೆರಾ ಇಟ್ಟು, ಜನರನ್ನು ಎದುರಿಗೆ ನಿಲ್ಲಿಸಿ, ಅವರು ಹೇಗೆ ಕಾಣಬೇಕೆಂದು ಅವರಿಗೇ ಬಿಟ್ಟರು. ಲೇಖನವನ್ನು ಪತ್ರಿಕೆ ಪ್ರಕಟಿಸಲಿಲ್ಲ. ಏಜೀ ಅದನ್ನು ಪುಸ್ತಕವಾಗಿ ಬೆಳೆಸುತ್ತ ಹೋದರು. ಮೊದಲು ಒಪ್ಪಿಕೊಂಡ ಪ್ರಕಾಶಕರು ತಿದ್ದುಪಡಿ ಕೇಳಿದರು, ಇವರು ಒಪ್ಪಲಿಲ್ಲ. ಕೊನೆಗೆ 1941ರಲ್ಲಿ ಬೇರೊಬ್ಬ ಪ್ರಕಾಶಕರಿಂದ 'ಲೆಟ್ ಅಸ್ ನೌ ಪ್ರೇಸ್ ಫೇಮಸ್ ಮೆನ್' ಹೊರಬಂತು. ಅಷ್ಟರಲ್ಲಿ ಓದುಗರಿಗೆ ಬಡತನ ಸಾಕಾಗಿ ಯುದ್ಧ ಹತ್ತಿರವಾಗಿತ್ತು. ಮೊದಲ ವರ್ಷ ಆರುನೂರರ ಆಸುಪಾಸು ಪ್ರತಿಗಳು ಮಾರಾಟವಾದವು.

ಪುಸ್ತಕದ ಕಟ್ಟಡ ಮಾತ್ರ ಹೊಸದು. ಮೊದಲು 31 ಚಿತ್ರಗಳು. ಒಂದಕ್ಕೂ ಶೀರ್ಷಿಕೆಯಿಲ್ಲ, ಯಾರು ಎಲ್ಲಿ ಎಂಬ ವಿವರವಿಲ್ಲ. ಎಲ್ಲ ಮುಗಿದ ಮೇಲೆ ಹೆಸರುಪುಟ, ಆಮೇಲೆ ನಾಲ್ಕುನೂರಕ್ಕೂ ಮಿಕ್ಕಿದ ಪುಟಗಳ ಗದ್ಯ. ಚಿತ್ರಗಳು ಬರಹಕ್ಕೆ ಅಲಂಕಾರವಲ್ಲ, ಎರಡೂ ಸಮಾನ, ಎರಡೂ ಸ್ವತಂತ್ರ ಎಂದು ಏಜೀ ಮುನ್ನುಡಿಯಲ್ಲಿ ಸಾರಿದರು. ಸಾಧ್ಯವಿದ್ದರೆ ತಾನು ಬರೆಯುತ್ತಲೇ ಇರಲಿಲ್ಲ, ಫೋಟೊಗಳ ಜೊತೆ ಬಟ್ಟೆಯ ಚೂರು, ಹತ್ತಿಯ ಎಳೆ, ಮಣ್ಣಿನ ಹೆಂಟೆ ಇಡುತ್ತಿದ್ದೆ ಎಂದೂ ಬರೆದರು. ಬರಹಗಾರನೊಬ್ಬ ಛಾಯಾಗ್ರಾಹಕನಿಗೆ ಇಷ್ಟು ಜಾಗ ಬಿಟ್ಟುಕೊಟ್ಟದ್ದು ಅದಕ್ಕೆ ಮುಂಚೆ ಕಾಣೆ. ಬಿಟ್ಟುಕೊಟ್ಟ ಮೇಲೆ ನಾಲ್ಕುನೂರು ಪುಟ ತುಂಬಿಸಿದ್ದನ್ನೂ ಮರೆಯುವಂತಿಲ್ಲ.

ಆಮೇಲೆ ಇಬ್ಬರ ದಾರಿ ಬೇರೆಯಾಯಿತು. ಏಜೀ ಸಿನಿಮಾ ವಿಮರ್ಶೆ, ಚಿತ್ರಕಥೆ ಎಂದು ಓಡಾಡಿ, 1955ರಲ್ಲಿ ನ್ಯೂಯಾರ್ಕಿನ ಟ್ಯಾಕ್ಸಿಯೊಂದರಲ್ಲಿ ಹೃದಯಾಘಾತದಿಂದ ತೀರಿಕೊಂಡರು. ವಯಸ್ಸು 45. ಪುಲಿಟ್ಜರ್ ಬಂದದ್ದು ಸತ್ತ ಮೇಲೆ, ಬೇರೊಂದು ಕಾದಂಬರಿಗೆ. ಇವಾನ್ಸ್ ಅದೇ 'ಫಾರ್ಚೂನ್'ನಲ್ಲಿ ಇಪ್ಪತ್ತು ವರ್ಷ ದುಡಿದು, ಯೇಲ್ ವಿಶ್ವವಿದ್ಯಾಲಯದಲ್ಲಿ ಪಾಠ ಹೇಳಿ, 1975ರವರೆಗೆ ಬದುಕಿದರು. 1960ರಲ್ಲಿ ಪುಸ್ತಕ ಮರುಮುದ್ರಣಗೊಂಡಾಗ ಚಿತ್ರಗಳು 62 ಆದವು. ಈ ಬಾರಿ ಓದುಗರು ಕೈಬಿಡಲಿಲ್ಲ.

ಆ ಹಳೆಯ ಷರತ್ತಿನ ಫಲ ಈಗಲೂ ಕಾಣುತ್ತದೆ. ಇವಾನ್ಸ್ ಆ ಬೇಸಿಗೆಯಲ್ಲಿ ತೆಗೆದ ಚಿತ್ರಗಳನ್ನು ಅಮೆರಿಕದ ಸಂಸತ್ ಗ್ರಂಥಾಲಯದ ಜಾಲತಾಣದಿಂದ ಯಾರು ಬೇಕಾದರೂ ಇಳಿಸಿಕೊಂಡು ಮುದ್ರಿಸಬಹುದು. ಏಜೀಯ ಬರಹಕ್ಕೆ ಅನುಮತಿ ಬೇಕು. ಸಮಾನವೆಂದು ಸಾರಿದ ಪುಸ್ತಕದ ಒಂದು ಅರ್ಧಕ್ಕೆ ವಾರಸುದಾರರಿದ್ದಾರೆ, ಇನ್ನೊಂದು ಅರ್ಧ ಊರ ಮಾಲು.

ಮಹಾರಿಡ್ಜ್ ಮತ್ತು ವಿಲಿಯಮ್ಸನ್ ಕಥೆ ಇಲ್ಲಿಗೆ ಬಂದು ಸೇರುತ್ತದೆ. ಕ್ಯಾಲಿಫೋರ್ನಿಯಾದ 'ಸ್ಯಾಕ್ರಮೆಂಟೊ ಬೀ' ದಿನಪತ್ರಿಕೆಯಲ್ಲಿ ಇಬ್ಬರೂ ಸಹೋದ್ಯೋಗಿಗಳು. 1980ರ ದಶಕದ ಆರಂಭದಲ್ಲಿ ಉಕ್ಕಿನ ಕಾರ್ಖಾನೆಗಳು ಮುಚ್ಚಿದ್ದ ಓಹಾಯೊದ ಯಂಗ್ಸ್‌ಟೌನ್‌ನಂಥ ಊರುಗಳಿಗೆ ಹೋದರು, ಕೆಲಸ ಹುಡುಕುತ್ತ ಅಲೆಯುವವರ ಜೊತೆ ಗೂಡ್ಸ್ ರೈಲು ಹತ್ತಿದರು. 1985ರಲ್ಲಿ ಬಂದ ಆ ಪುಸ್ತಕ ಹೆಚ್ಚು ದಿನ ಅಂಗಡಿಯಲ್ಲಿ ಉಳಿಯಲಿಲ್ಲ. ಬಳಿಕ ಅಲಬಾಮಾಕ್ಕೆ ಹೋಗಿ, ಏಜೀ ಮತ್ತು ಇವಾನ್ಸ್ ಕಂಡ ಮೂರು ಕುಟುಂಬಗಳಲ್ಲಿ ಉಳಿದವರನ್ನೂ ಅವರ ಮಕ್ಕಳು ಮೊಮ್ಮಕ್ಕಳನ್ನೂ ಹುಡುಕಿದರು. 1989ರಲ್ಲಿ ಬಂದ ಪುಸ್ತಕದ ಹೆಸರು 'ಅಂಡ್ ದೇರ್ ಚಿಲ್ಡ್ರನ್ ಆಫ್ಟರ್ ದೆಮ್'. ಏಜೀ-ಇವಾನ್ಸ್ ಪುಸ್ತಕದ ಹೆಸರೂ ಇದರ ಹೆಸರೂ ಬಂದದ್ದು ಒಂದೇ ಹಳೆಯ ಧರ್ಮಗ್ರಂಥದ ಒಂದೇ ಅಧ್ಯಾಯದಿಂದ. ಪುಲಿಟ್ಜರ್ ಸಿಕ್ಕಿದ್ದು ಇದಕ್ಕೆ.

ಅವರು ಕಂಡದ್ದರಲ್ಲಿ ಹತ್ತಿ ಕೀಳುವ ಯಂತ್ರ ಬಂದು ಕೋರುಪಾಲಿನ ಬೇಸಾಯವೇ ಮುಗಿದು ಹೋದದ್ದು ಒಂದು. ಇನ್ನೊಂದು, ಆ ಕುಟುಂಬಗಳ ಕೆಲವರಲ್ಲಿ ಹೆಪ್ಪುಗಟ್ಟಿದ್ದ ಸಿಟ್ಟು. ತಮ್ಮ ಮನೆಯವರ ಮುಖ ವಸ್ತುಸಂಗ್ರಹಾಲಯಗಳ ಗೋಡೆ ಏರಿತು, ಕೆಲವರ ಬದುಕು ಎಂದಿಗೂ ಬಡತನದ ಪಾಠವಾಯಿತು, ತಮಗೆ ಬಿಡಿಗಾಸೂ ಬರಲಿಲ್ಲ ಎಂಬುದು ಅವರ ದೂರು. ಏಜೀ ಬೇರೆ ಹೆಸರುಗಳನ್ನು ಇಟ್ಟಿದ್ದರು, ನಿಜ. ಆದರೆ ಮುಖಕ್ಕೆ ಬೇರೆ ಹೆಸರು ಇಡಲಾಗುವುದಿಲ್ಲವಲ್ಲ. ಲ್ಯಾಂಗ್ 1936ರಲ್ಲೇ ಕ್ಯಾಲಿಫೋರ್ನಿಯಾದ ಬಟಾಣಿ ಹೊಲದ ಬಳಿ ತೆಗೆದ ವಲಸೆ ತಾಯಿಯ ಚಿತ್ರದ ಹೆಂಗಸೂ ದಶಕಗಳ ಬಳಿಕ ಇದೇ ಮಾತು ಹೇಳಿದ್ದರು. ಲೇಖಕ ಮತ್ತು ಛಾಯಾಗ್ರಾಹಕರ ಪಾಲಿನ ಜಗಳದಲ್ಲಿ ಈ ಮೂರನೆಯವರ ಹೆಸರು ಬರುವುದೇ ಕಡಿಮೆ.

ಮಹಾರಿಡ್ಜ್-ವಿಲಿಯಮ್ಸನ್ ಜೋಡಿಯನ್ನು ಉಳಿಸಿದ್ದು ಸ್ನೇಹ ಮಾತ್ರವಲ್ಲ, ತಿಂಗಳ ಸಂಬಳ ಕೂಡ. ಪುಸ್ತಕದ ಹಣದಿಂದ ಅಷ್ಟು ವರ್ಷ ಅಲೆಯಲಾಗುತ್ತಿರಲಿಲ್ಲ. ಮುಂದೆ ವಿಲಿಯಮ್ಸನ್ 'ವಾಷಿಂಗ್ಟನ್ ಪೋಸ್ಟ್' ಸೇರಿದರು, ಕೊಸೊವೊ ಚಿತ್ರಗಳಿಗಾಗಿ 2000ದಲ್ಲಿ ಸಹೋದ್ಯೋಗಿಗಳ ಜೊತೆ ಮತ್ತೊಂದು ಪುಲಿಟ್ಜರ್ ಪಡೆದರು. ಮಹಾರಿಡ್ಜ್ ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿ ಪ್ರಾಧ್ಯಾಪಕರಾದರು. 1985ರ ಪುಸ್ತಕವನ್ನು ಓದಿದ ಗಾಯಕ ಬ್ರೂಸ್ ಸ್ಪ್ರಿಂಗ್‌ಸ್ಟೀನ್ 1995ರಲ್ಲಿ ಎರಡು ಹಾಡು ಕಟ್ಟಿದ ಮೇಲೆ ಅದು ಮರುಮುದ್ರಣವಾಯಿತು. 2011ರಲ್ಲಿ ಇಬ್ಬರೂ ಮತ್ತೆ ಹಳೆಯ ಊರುಗಳಿಗೆ ಹೋಗಿ ಇನ್ನೊಂದು ಪುಸ್ತಕ ತಂದರು. ಅಂಥ ಸಂಬಳದ ಆಸರೆ ಈಗ ಕುಸಿದಿದೆ. 2013ರಲ್ಲಿ ಷಿಕಾಗೊದ ಒಂದು ದಿನಪತ್ರಿಕೆ ತನ್ನ ಛಾಯಾಗ್ರಾಹಕರೆಲ್ಲರನ್ನೂ ಒಂದೇ ದಿನ ಮನೆಗೆ ಕಳುಹಿಸಿತು. ಬರಹಗಾರರಲ್ಲಿ ಹಲವರ ಕೆಲಸ ಉಳಿಯಿತು, ಫೋಟೊ ತೆಗೆಯುವುದೂ ಅವರ ಪಾಲಿಗೆ ಬಂತು.

ಯುರೋಪಿನಲ್ಲಿ ಲೇಖಕ ಜಾನ್ ಬರ್ಜರ್ ಮತ್ತು ಜಿನೀವಾದ ಛಾಯಾಗ್ರಾಹಕ ಝಾನ್ ಮೋರ್ ಇದೇ ದಾರಿಯಲ್ಲಿ ಹಳ್ಳಿಯ ವೈದ್ಯನ ಬಗ್ಗೆ (1967), ವಲಸೆ ಕಾರ್ಮಿಕರ ಬಗ್ಗೆ (1975) ಪುಸ್ತಕ ಮಾಡಿದರು. ಎರಡನೆಯದರ ಖರ್ಚಿಗೆ ಬರ್ಜರ್ ತಮ್ಮ 1972ರ ಬೂಕರ್ ಹಣದ ಅರ್ಧವನ್ನು ಹಾಕಿದ್ದರು. 1983ರಲ್ಲಿ ವಿಶ್ವಸಂಸ್ಥೆಯ ಸಮ್ಮೇಳನಕ್ಕಾಗಿ ಮೋರ್ ತೆಗೆದ ಪ್ಯಾಲೆಸ್ಟೀನಿಯರ ಚಿತ್ರಗಳನ್ನು ದೇಶ ಅಥವಾ ಸ್ಥಳದ ಹೆಸರಿನ ಹೊರತು ಒಂದಕ್ಷರವೂ ಇಲ್ಲದೆ ತೂಗುಹಾಕಬೇಕೆಂದು ಅಧಿಕಾರಿಗಳು ಹೇಳಿದರು. ಆ ಖಾಲಿ ಜಾಗಕ್ಕೆ ಪ್ಯಾಲೆಸ್ಟೀನ್ ಮೂಲದ ಚಿಂತಕ ಎಡ್ವರ್ಡ್ ಸೈದ್ ಬರೆದ ಮಾತುಗಳೇ 1986ರಲ್ಲಿ ಪುಸ್ತಕವಾದವು.

ನಮ್ಮಲ್ಲಿ ವಿಷಯ ಕಾನೂನಿನ ಕಡೆಯಿಂದ ಬಂತು. ಬ್ರಿಟಿಷರ 1911ರ ಕಾಯ್ದೆ ಚಿತ್ರ ತೆಗೆದಾಗ ನೆಗೆಟಿವ್ ಯಾರ ಒಡೆತನದಲ್ಲಿತ್ತೋ ಅವರನ್ನೇ ಚಿತ್ರದ ಕರ್ತೃ ಎನ್ನುತ್ತಿತ್ತು. 1957ರ ನಮ್ಮ ಹಕ್ಕುಸ್ವಾಮ್ಯ ಕಾಯ್ದೆ ಚಿತ್ರ ತೆಗೆದವರೇ ಕರ್ತೃ ಎಂದಿತು. ಆದರೂ ಬಹುಕಾಲ ಬರಹಗಾರನ ಹಕ್ಕು ಅವನು ಸತ್ತ ವರ್ಷದಿಂದ ಎಣಿಕೆಯಾಗುತ್ತಿದ್ದರೆ, ಛಾಯಾಗ್ರಾಹಕನದು ಚಿತ್ರ ಪ್ರಕಟವಾದ ವರ್ಷದಿಂದ. ಯೌವನದಲ್ಲಿ ತೆಗೆದ ಚಿತ್ರದ ಹಕ್ಕು ದೀರ್ಘಾಯುಷಿಯೊಬ್ಬನ ಕಣ್ಣೆದುರೇ ಮುಗಿಯಬಹುದಿತ್ತು. 2012ರ ತಿದ್ದುಪಡಿ ಆ 25ನೆಯ ಕಲಮನ್ನು ತೆಗೆದುಹಾಕಿ, ಇಬ್ಬರಿಗೂ ಜೀವಿತಾವಧಿ ಮತ್ತು 60 ವರ್ಷ ಎಂದಿತು. 17ನೆಯ ಕಲಮಿನ ಒಂದು ನಿಯಮ ಮಾತ್ರ ಹಾಗೇ ಇದೆ. ಅದರ ಪ್ರಕಾರ, ಒಬ್ಬರು ಹೇಳಿ ಹಣ ಕೊಟ್ಟು ತೆಗೆಸಿದ ಛಾಯಾಚಿತ್ರದ ಮೊದಲ ಒಡೆತನ, ಬೇರೆ ಕರಾರಿಲ್ಲದಿದ್ದರೆ, ಹಣ ಕೊಟ್ಟವರದು. ಅದೇ ಪ್ರಕಾಶಕರು ಹೇಳಿ, ಹಣ ಕೊಟ್ಟು ಬರೆಸಿದ ಬರಹ, ಬರೆದವರು ಅವರ ನೌಕರರಲ್ಲದಿದ್ದರೆ, ಬರೆದವರದೇ. ಹಾಗಾಗಿ ಒಂದೇ ಕಾರಿನಲ್ಲಿ ಹಂಪಿಗೆ ಹೋಗಿ ಬಂದ ಇಬ್ಬರಲ್ಲಿ ಒಬ್ಬರು ಹೊರಡುವ ಮುನ್ನವೇ ಕರಾರುಪತ್ರ ಬರೆಸಿಕೊಳ್ಳಬೇಕು, ಇನ್ನೊಬ್ಬರು ಬರೆಸಿಕೊಳ್ಳದಿದ್ದರೂ ನಡೆಯುತ್ತದೆ.