ಇಳಿಯಿತು ಅಂದುಕೊಂಡಾಗಲೇ ಯಾಕೆ ಏರುತ್ತೆ?

2021ರ ಫೆಬ್ರವರಿ. ಬಸವನಗುಡಿಯ ಒಂದು ಚೌಟ್ರಿಯಲ್ಲಿ ನೆಂಟರ ಮದುವೆ. ಬಾಗಿಲಲ್ಲಿ ಪನ್ನೀರಿನ ಪಕ್ಕ ಸ್ಯಾನಿಟೈಸರ್ ಬಾಟಲಿ ಇತ್ತು, ಒತ್ತಿದರೆ ಬರೀ ಗಾಳಿ. ಮಾಸ್ಕ್ ಎಲ್ಲರಿಗೂ ಇತ್ತು, ಗಲ್ಲದ ಮೇಲೆ. ಪಂಕ್ತಿಯಲ್ಲಿ ಮೊಣಕೈ ತಾಗಿಸಿಕೊಂಡು ಕೂತು ಹೋಳಿಗೆ ತಿಂದೆವು. "ಕೊರೊನಾ ಹೋಯ್ತು ಬಿಡಿ" ಅಂದರು ಪಕ್ಕದವರು. ನಾನೂ ಹೂಂಗುಟ್ಟಿದೆ.

ಏಪ್ರಿಲ್ 30ಕ್ಕೆ ಬೆಂಗಳೂರಿನಲ್ಲಿ ಒಂದೇ ದಿನ 26,756 ಹೊಸ ಕೇಸು.

ಲೆಕ್ಕ ಸುಲಭವಿದೆ. ನೂರು ರೋಗಿಗಳಿದ್ದಾರೆ ಅಂದುಕೊಳ್ಳಿ. ಒಬ್ಬೊಬ್ಬರಿಂದ ಸರಾಸರಿ 0.9 ಜನಕ್ಕೆ ಹರಡಿದರೆ, ಹತ್ತು ಸುತ್ತು ಕಳೆಯುವಷ್ಟರಲ್ಲಿ ಉಳಿಯುವುದು 35 ಹೊಸ ರೋಗಿಗಳು. ಅದೇ 1.3 ಆದರೆ? 1,379! ಕೊರೊನಾಕ್ಕೆ ಒಂದು ಸುತ್ತು ಅಂದರೆ ಸುಮಾರು ಐದು ದಿನ, ಹತ್ತು ಸುತ್ತಿಗೆ ಎರಡು ತಿಂಗಳೂ ಬೇಡ. ನಾಲ್ಕು ಮದುವೆ, ತುಂಬಿದ ಬಸ್ಸು, ತೆರೆದ ಆಫೀಸು ಸಾಕು, 0.9 ಇದ್ದದ್ದು 1.3 ಆಗೋಕೆ. ಲಾಕ್‌ಡೌನ್ ಸೋಂಕನ್ನು ತಡೆದಿತ್ತು, ಆದರೆ ಸೋಂಕು ತಗಲದೆ ಉಳಿದವರ ಮೈಗೆ ರಕ್ಷಣೆಯನ್ನೇನೂ ಕೊಟ್ಟಿರಲಿಲ್ಲ. 45 ದಾಟಿದ ಎಲ್ಲರಿಗೂ ಲಸಿಕೆ ಶುರುವಾಗಿದ್ದೇ ಆ ಏಪ್ರಿಲ್ 1ಕ್ಕೆ. ಇದರ ಮೇಲೆ ಡೆಲ್ಟಾ, ಹಳೆಯ ತಳಿಗಿಂತ ಬಹಳ ಜೋರಾಗಿ ಹರಡುವಂಥದ್ದು.

ಊರಿಗೆ ಇದು ಹೊಸದೇನಲ್ಲ. 1898ರ ಆಗಸ್ಟ್‌ನಲ್ಲಿ ಪ್ಲೇಗ್ ಬೆಂಗಳೂರಿಗೆ ಕಾಲಿಟ್ಟಿತು. ನಾವು ಹೋಳಿಗೆ ತಿಂದ ಬಸವನಗುಡಿ, ಅತ್ತ ಮಲ್ಲೇಶ್ವರ, ಎರಡೂ ಬೆಳೆಯಲು ಪೇಟೆಯ ಇಕ್ಕಟ್ಟು ಬಿಟ್ಟು ಹೊರಟ ಜನರೂ ಒಂದು ಕಾರಣ. ಆಗಿನವರ ಮಾತು "ಇಲಿ ಬಿತ್ತು". ಮನೆಯಲ್ಲಿ ಇಲಿ ಸತ್ತು ಬಿದ್ದರೆ ಗಂಟುಮೂಟೆ ಕಟ್ಟಿ ಊರಾಚೆ ಗುಡಿಸಲು ಹಾಕುವುದು, ಕಡಿಮೆಯಾದ ಮೇಲೆ ವಾಪಸ್ ಬರುವುದು. ಆದರೆ ರೋಗ ಇಲಿಯಲ್ಲೂ ಅದರ ಮೈಮೇಲಿನ ಚಿಗಟದಲ್ಲೂ ಉಳಿದಿರುತ್ತಿತ್ತು. ಹಾಗಾಗಿ ಮುಂದೆ ಎಷ್ಟೋ ವರ್ಷ ಅದು ಮತ್ತೆ ಮತ್ತೆ ಬಂತು. ಪ್ಲೇಗ್ ಮಾರಮ್ಮನ ಗುಡಿಗಳು ಇವತ್ತಿಗೂ ಇವೆ.

1918ರ ಫ್ಲೂ ಇನ್ನೊಂದು ಥರ. ಜೂನ್, ಜುಲೈನಲ್ಲಿ ಸುಮ್ನೆ ಜ್ವರದ ಹಾಗೆ ಬಂದು ಹೋಯಿತು. ಮಳೆಗಾಲ ಮುಗಿಯುವ ಹೊತ್ತಿಗೆ ಮರಳಿದ್ದು ಗಟ್ಟಿಮುಟ್ಟಾದ ಹರೆಯದವರನ್ನೇ ಹೊತ್ತೊಯ್ದಿತು. ದೇಶದಲ್ಲಿ ಸತ್ತವರು ಒಂದು ಕೋಟಿಗೂ ಜಾಸ್ತಿ. ಮೊದಲ ಸಲ ಸೌಮ್ಯವಾಗಿದ್ದರೆ ಎರಡನೇ ಸಲವೂ ಹಾಗೇ ಇರಬೇಕು ಅಂತೇನಿಲ್ಲ, ಅಲ್ವಾ?

ತಿರುಗುಮುರುಗೂ ಆಗಬಹುದು. ದೇಶದ ಮೊದಲ ಎರಡು ಒಮಿಕ್ರಾನ್ ಕೇಸು ಪತ್ತೆಯಾಗಿದ್ದು ಬೆಂಗಳೂರಿನಲ್ಲೇ, 2021ರ ಡಿಸೆಂಬರ್ 2ರಂದು ಸುದ್ದಿ ಬಂತು. 2022ರ ಜನವರಿ 20ಕ್ಕೆ ನಗರದಲ್ಲಿ 30,540 ಕೇಸು, ಡೆಲ್ಟಾ ಕಾಲಕ್ಕಿಂತ ಹೆಚ್ಚು. ಆದರೂ ಆಕ್ಸಿಜನ್‌ಗೆ ಅಲೆದಾಟ ಇರಲಿಲ್ಲ. ಲಸಿಕೆಯೋ ಹಿಂದಿನ ಸೋಂಕೋ ಮೈಗೆ ಹೋರಾಟ ಕಲಿಸಿತ್ತು. ಸೋಂಕು ತಗಲುವುದನ್ನು ತಡೆಯುವ ಶಕ್ತಿ ಕೆಲವೇ ತಿಂಗಳಲ್ಲಿ ಕುಗ್ಗಿದ್ದರೂ, ಶ್ವಾಸಕೋಶವನ್ನು ಕಾಯುವ ಶಕ್ತಿ ಇನ್ನೂ ಉಳಿದಿತ್ತು. ನಮ್ಮ ಮನೆಯ ಮೂವರೂ ಒಟ್ಟಿಗೇ ಮಲಗಿದೆವು. ನಾಲ್ಕನೇ ದಿನ ಅಮ್ಮನೇ ಎದ್ದು ಮೆಣಸಿನ ಸಾರು ಮಾಡಿದರು, ಉಪ್ಪು ಹಾಕುವುದನ್ನು ಮರೆತು. ಗೊತ್ತಾಗೋಕೆ ನಾಲಿಗೆಗೆ ರುಚಿ ಇದ್ದರೆ ತಾನೆ!