ಹಗ್ಗದ ಈಚೆ ತುದಿಯ ಪಾಠ

2020ರ ಜುಲೈನಲ್ಲಿ ಚನ್ನಗಿರಿ ತಾಲ್ಲೂಕಿನ ಕೊಲೆ ಪ್ರಕರಣವೊಂದರ ಜಾಡು ಹಿಡಿದ ದಾವಣಗೆರೆ ಪೊಲೀಸ್ ಶ್ವಾನದಳದ ಡಾಬರ್‌ಮನ್ ‘ತುಂಗಾ’ ಸುಮಾರು 12 ಕಿ.ಮೀ. ಓಡಿ ಆರೋಪಿಯ ಪತ್ತೆಗೆ ದಾರಿ ಮಾಡಿತು. ಜನ ಅದರ ಮೂಗನ್ನು ಕೊಂಡಾಡಿದರು. ಆದರೆ ಮೂಗು ಹುಟ್ಟಿನಿಂದಲೇ ಬಂದದ್ದು. ಪೊಲೀಸ್ ದಳವಿರಲಿ, ಮೀರತ್‌ನ ಸೇನಾ ತರಬೇತಿ ಕೇಂದ್ರವಿರಲಿ, ಬೆವರು ಹರಿಯುವುದು ಬೇರೆ ಎರಡಕ್ಕೆ: ಸಿಕ್ಕಿದ್ದನ್ನು ಹೇಳಲು ನಾಯಿಗೆ ಕಲಿಸುವುದು, ಹೇಳುವ ತನಕ ಸುಮ್ಮನಿರಲು ಅದರ ಹಗ್ಗ ಹಿಡಿದು ನಡೆಸುವ ಹ್ಯಾಂಡ್ಲರ್‌ಗೆ ಕಲಿಸುವುದು.

ಸ್ಫೋಟಕ ಪತ್ತೆಯ ಮೊದಲ ಪಾಠಕ್ಕೆ ಒಂದೇ ತರದ ಐದಾರು ಡಬ್ಬಿ, ಒಂದು ರಬ್ಬರ್ ಚೆಂಡು ಸಾಕು. ಒಂದರಲ್ಲಿ ಮಾತ್ರ ವಾಸನೆಯ ಮಾದರಿ. ನಾಯಿ ಅದಕ್ಕೆ ಮೂಗಿಟ್ಟ ಕ್ಷಣವೇ ಚೆಂಡು ಬೀಳಬೇಕು. ಎರಡು ಸೆಕೆಂಡ್ ತಡವಾದರೆ ಅದು ತಲೆಯೆತ್ತಿ ನಿಮ್ಮ ಮುಖ ನೋಡಿರುತ್ತದೆ. ಮುಖ ನೋಡಿದ್ದಕ್ಕೇ ಚೆಂಡು ಬಂತೆಂದು ಲೆಕ್ಕ ಹಾಕುತ್ತದೆ. ಇದು ಗಟ್ಟಿಯಾದ ಮೇಲೆ, ವಾಸನೆ ಸಿಕ್ಕಿದಲ್ಲಿ ಕೂರುವುದನ್ನು ಸೇರಿಸುತ್ತಾರೆ. ಕೆರೆಯುವಂತಿಲ್ಲ, ನೆಲಬಾಂಬಿನ ಮೇಲೆ ಪಂಜ ಬಿದ್ದರೆ ಗತಿಯೇನು!

ಬಳಿಕ ಉಳಿದ ಡಬ್ಬಿಗಳಿಗೂ ಕೈಗವಸು, ಪ್ಲಾಸ್ಟಿಕ್ ಚೀಲ, ದಾವಣಗೆರೆಯಾದರೆ ಒಂದು ಹಿಡಿ ಖಾರ ಮಂಡಕ್ಕಿ ಹಾಕಬೇಕು. ಹಾಕದಿದ್ದರೆ ಮಾದರಿ ಇಟ್ಟವನ ಕೈಗವಸನ್ನೇ ಹುಡುಕಲು ನಾಯಿ ಕಲಿತುಬಿಡುತ್ತದೆ. ಮಾದರಿಗಳನ್ನೆಲ್ಲ ಒಂದೇ ಪೆಟ್ಟಿಗೆಯಲ್ಲಿ ಇಡುವುದೂ ತಪ್ಪೇ. ಘಾಟು ಜಾಸ್ತಿಯಿರುವುದು ಮಿಕ್ಕವಕ್ಕೂ ಅಂಟುತ್ತದೆ. ಗ್ರಾಂ ಲೆಕ್ಕದಲ್ಲಷ್ಟೇ ಕಲಿತ ನಾಯಿ ಕಿಲೋಗಟ್ಟಲೆ ಎದುರಾದಾಗ ಗಲಿಬಿಲಿಯಾಗುವುದೂ ಉಂಟು, ಹಾಗಾಗಿ ಪ್ರಮಾಣ ಬದಲಿಸುತ್ತಿರಬೇಕು.

ಇಷ್ಟಾದರೂ ಮನುಷ್ಯ ಕೆಡಿಸುತ್ತಾನೆ. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಡೇವಿಸ್ ಕೇಂದ್ರದವರು 2011ರಲ್ಲಿ ಪ್ರಕಟಿಸಿದ ಪರೀಕ್ಷೆಯಲ್ಲಿ ನಾಯಿ ಮತ್ತು ಹ್ಯಾಂಡ್ಲರ್‌ಗಳ 18 ಜೋಡಿಗಳಿದ್ದವು. ಕಟ್ಟಡದಲ್ಲಿ ಮಾದರಿಯೇ ಇರಲಿಲ್ಲ. ಕೆಂಪು ಕಾಗದ ಇದ್ದಲ್ಲಿ ಇದೆ ಎಂದು ಹ್ಯಾಂಡ್ಲರ್‌ಗಳಿಗೆ ನಂಬಿಸಿದ್ದರು. 144 ಶೋಧಗಳಲ್ಲಿ ತಪ್ಪು ಸೂಚನೆಯಿಲ್ಲದೆ ಮುಗಿದದ್ದು 21 ಮಾತ್ರ! ಹೆಜ್ಜೆ ನಿಧಾನವಾಗುವುದು, ಹಗ್ಗ ಬಿಗಿಯಾಗುವುದು, ಉಸಿರು ಹಿಡಿಯುವುದು: ಇಷ್ಟು ಸಾಕು, ನಾಯಿ ಕೂತುಬಿಡುತ್ತದೆ. ಅದಕ್ಕೇ ಮಾದರಿ ಎಲ್ಲಿದೆಯೆಂದು ಹ್ಯಾಂಡ್ಲರ್‌ಗೂ ಪಕ್ಕದಲ್ಲಿ ನಿಂತ ತರಬೇತುದಾರನಿಗೂ ಗೊತ್ತಿರಬಾರದು. ಆಗಾಗ ಏನೂ ಇಡದ ಕೋಣೆಗಳನ್ನೂ ಹುಡುಕಿಸಬೇಕು. ಬರಿಗೈಲಿ ಹೊರಬರಲು ಒಪ್ಪದ ಹ್ಯಾಂಡ್ಲರ್‌ನ ನಾಯಿ ಸುಳ್ಳು ಹೇಳಲು ಕಲಿಯುತ್ತದೆ.

ಚಿತ್ರದುರ್ಗದ ಕಡೆ ಇನ್ನೊಂದು ತೊಡಕು, ಬಿಸಿಲು. ನಾಯಿ ವಾಸನೆ ಹೀರುವುದು ಬಾಯಿ ಮುಚ್ಚಿ, ಸೆಕೆಂಡಿಗೆ ಸುಮಾರು ಐದು ಸಲ. ಮೈ ತಂಪಾಗಿಸಲು ಏದುಸಿರು ಬಿಡತೊಡಗಿದರೆ ಆ ಕೆಲಸ ಕುಂಟುತ್ತದೆ. ಕಾದ ಬಂಡೆಯ ಮೇಲಿನ ವಾಸನೆಯೂ ಬಿಸಿಗಾಳಿಯೊಂದಿಗೆ ಮೇಲೇರಿಬಿಡುತ್ತದೆ. ಶೋಧಕ್ಕೆ ಬೆಳಗಿನ ಜಾವ ಒಳ್ಳೆಯದು, ಗಾಳಿಗೆ ಎದುರಾಗಿ ಸಾಗಬೇಕು. ಗುಡ್ಡದ ಗಾಳಿಯಂತ್ರದ ಮುಖ ನೋಡಿ ದಿಕ್ಕು ಅಂದಾಜಿಸಬಹುದಾದರೂ ಬಂಡೆಗಳ ಸಂದಿಯಲ್ಲಿ ಗಾಳಿ ತಿರುಗುತ್ತದೆ. ಚಿಟಿಕೆ ಪೌಡರ್ ಹಾರಿಸಿ ನೋಡುವುದೇ ಸರಿ. ಅಂಗೈ ಹಿಂಭಾಗವನ್ನು ಕಲ್ಲಿಗೆ ಒತ್ತಿ ಏಳು ಸೆಕೆಂಡ್ ತಡೆಯಲಾಗದಿದ್ದರೆ ನಾಯಿಯ ಪಾದವೂ ಸುಡುತ್ತದೆ. ಅದರ ಸಹಜ ಮೈಬಿಸಿ 38ರಿಂದ 39 ಡಿಗ್ರಿ ಸೆಲ್ಸಿಯಸ್. 41 ಮುಟ್ಟಿತೆಂದರೆ ಜೀವಕ್ಕೇ ಅಪಾಯ. ಆಗ ಮೊದಲು ಮೈತುಂಬ ನೀರು ಸುರಿಯಬೇಕು, ಆಸ್ಪತ್ರೆಗೆ ಒಯ್ಯುವ ಜೀಪು ಆಮೇಲೆ.